ಕ್ಲೌಡಿಗೆ ವೈರ್ ಎಳೆಯುವವರು

ಸುಮಾರು ಎಂಟು ವರ್ಷ, ದಿನಕ್ಕೆ ಹತ್ತು ಸಲವಾದರೂ ನಾನು 'ಯುಎಸ್-ಈಸ್ಟ್-1' ಅಂತ ಟೈಪ್ ಮಾಡಿದ್ದೀನಿ. ನಮ್ಮ ಅಪ್ಲಿಕೇಶನ್ ಎಲ್ಲಿ ಓಡಬೇಕು ಅಂತ ಕ್ಲೌಡಿಗೆ ಹೇಳುವ ಒಂದು ಪದ ಅದು. ಅದೊಂದು ಜಾಗ, ಅಲ್ಲಿ ಕೆಸರು ಇರುತ್ತೆ, ಬೂಟು ಹಾಕ್ಕೊಂಡು ಕೆಲಸ ಮಾಡೋ ಜನ ಇರ್ತಾರೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಆಮೇಲೆ ಕಂಪನಿ ನನ್ನನ್ನು ಎರಡು ವರ್ಷಕ್ಕೆ ಅದೇ ಜಾಗಕ್ಕೆ, ಅಂದರೆ ಉತ್ತರ ವರ್ಜೀನಿಯಾದ ಲೌಡನ್ ಕೌಂಟಿಯ ಆಶ್‌ಬರ್ನಿಗೆ ಕಳಿಸಿತು.

ಅಲ್ಲಿ ನಮ್ಮ ದೇಶದವರು ತುಂಬ ಜನ. ಶನಿವಾರ ಕನ್ನಡದವರೇ ನಾಲ್ಕು ಮನೆ ಸೇರಿ ಬಿಸಿಬೇಳೆ ಬಾತ್ ಮಾಡ್ತಿದ್ವಿ. 2022ರ ಕೊನೆಗೆ ಶುರುವಾದ ಮೆಟ್ರೋ ರೈಲಿನಲ್ಲಿ ಆಶ್‌ಬರ್ನ್ ಕಡೆ ಬಂದರೆ ಕಿಟಕಿಯಲ್ಲಿ ಕಾಣೋದೇ ಡೇಟಾ ಸೆಂಟರು: ಸಾಲುಸಾಲಾಗಿ ಕಿಟಕಿಯೇ ಇಲ್ಲದ ದೊಡ್ಡ ದೊಡ್ಡ ಡಬ್ಬಗಳು, ಪಕ್ಕದಲ್ಲಿ ಜನರೇಟರ್‌ಗಳ ಸಾಲು, ಅದರ ಪಕ್ಕ ಸಬ್‌ಸ್ಟೇಷನ್. ಮಧ್ಯೆ ಮಧ್ಯೆ ಕ್ರೇನು. ಆ ಜಾಗಕ್ಕೆ 'ಡೇಟಾ ಸೆಂಟರ್ ಆಲಿ' ಅಂತಲೇ ಹೆಸರು. ಬೆಳಗ್ಗೆ ಐದೂವರೆಗೆ ಇಂಡಿಯಾ ಟೀಮಿನ ಕಾಲ್‌ಗೆ ಅಂತ ಎದ್ದು ಕಾಫಿಗೆ ಹೋದರೆ ಗ್ಯಾಸ್ ಸ್ಟೇಷನ್ ತುಂಬ ಪಿಕಪ್ ಟ್ರಕ್ಕು. ನಂಬರ್ ಪ್ಲೇಟು ವೆಸ್ಟ್ ವರ್ಜೀನಿಯಾ, ಪೆನ್ಸಿಲ್ವೇನಿಯಾ, ನಾರ್ತ್ ಕೆರೊಲಿನಾದ್ದು. ಹಳದಿ ಜಾಕೆಟ್ಟು, ಸೊಂಟಕ್ಕೆ ಟೂಲ್ ಬೆಲ್ಟು. ಅವರು ಕಟ್ಟೋಕೆ ಹೋಗ್ತಿದ್ದರು, ನಾನು ಅವರು ಕಟ್ಟಿದ್ದರ ಮೇಲೆ ಕೋಡ್ ಓಡಿಸೋಕೆ. ಎರಡು ವರ್ಷದಲ್ಲಿ ನಮ್ಮ ಮಧ್ಯೆ ಆದ ಮಾತು 'ಗುಡ್ ಮಾರ್ನಿಂಗ್' ದಾಟಿದ್ದು ಬಹಳ ಕಮ್ಮಿ.

ಇಷ್ಟೆಲ್ಲ ನೆನಪಾಗೋಕೆ ಕಾರಣ ಅರಸೀಕೆರೆ ಕಡೆಯ ನಮ್ಮೂರಿಂದ ಬಂದ ಒಂದು ಫೋನು. ಚಿಕ್ಕಪ್ಪನ ಮಗ. ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ.

"ಅಣ್ಣ, ಸೈನ್ಸ್ ಬೇಡ ಅನ್ನಿಸ್ತಿದೆ. ಐಟಿಐ ಎಲೆಕ್ಟ್ರಿಷಿಯನ್ ಹಾಕ್ಲಾ? ಎಐ ಬಂದ್ಮೇಲೆ ಇಂಜಿನಿಯರ್‌ಗಳಿಗೆ ಕೆಲ್ಸ ಇರಲ್ವಂತೆ. ಡೇಟಾ ಸೆಂಟರ್ ಕಟ್ಟೋ ಎಲೆಕ್ಟ್ರಿಷಿಯನ್‌ಗೆ ಅಮೆರಿಕದಲ್ಲಿ ಕೋಟಿ ಕೊಡ್ತಾರಂತೆ. ರೀಲ್ಸಲ್ಲಿ ನೋಡ್ದೆ. ನೀನು ಅಲ್ಲೇ ಇದ್ದು ಬಂದಿದ್ಯಲ್ಲ, ನಿಜಾನಾ?"

ನಿಜಾನಾ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರ ಓಡಾಡ್ತಿವೆ. ಎರಡೂ ಅರ್ಧ ಸುಳ್ಳು ಅನ್ನೋದು ನನ್ನ ತಕರಾರು.

ಮೊದಲು ಲೆಕ್ಕ. ವರ್ಜೀನಿಯಾ ಶಾಸನಸಭೆಗಾಗಿ ಪರಿಶೀಲನೆ ಮಾಡುವ ಜೆಲಾರ್ಕ್ ಅನ್ನೋ ಆಯೋಗ 2024ರ ಡಿಸೆಂಬರಿನಲ್ಲಿ ಡೇಟಾ ಸೆಂಟರುಗಳ ಬಗ್ಗೆ ಒಂದು ದೊಡ್ಡ ವರದಿ ಕೊಟ್ಟಿತು. ಅದರ ಪ್ರಕಾರ ಎರಡೂವರೆ ಲಕ್ಷ ಚದರಡಿಯ ಒಂದು ಸಾಮಾನ್ಯ ಡೇಟಾ ಸೆಂಟರ್ ಕಟ್ಟೋಕೆ 12ರಿಂದ 18 ತಿಂಗಳು. ಕೆಲಸ ಭರದಲ್ಲಿರುವಾಗ ಸೈಟಿನಲ್ಲಿ ಸುಮಾರು 1,500 ಜನ. ಕಟ್ಟಿ ಮುಗಿದ ಮೇಲೆ ಅದನ್ನು ನಡೆಸೋಕೆ ಸುಮಾರು 50 ಜನ, ಅದರಲ್ಲೂ ಅರ್ಧ ಗುತ್ತಿಗೆಯವರು.

ಇನ್ನು ಜಗಳ ನೋಡಿ. ಡೇಟಾ ಸೆಂಟರ್ ಬೇಕು ಅನ್ನೋರು 1,500 ಅಂತಾರೆ. ಬೇಡ ಅನ್ನೋರು 50 ಅಂತಾರೆ. ಟಿವಿ ಚರ್ಚೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸಂಖ್ಯೆ. ಇಬ್ಬರೂ ಸುಳ್ಳು ಹೇಳ್ತಿಲ್ಲ, ಆದರೆ ಇಬ್ಬರೂ ಆ ವಾಕ್ಯದಿಂದ ಕಾಲವನ್ನು ಕಿತ್ತುಹಾಕಿದ್ದಾರೆ. 1,500 ಜನ ಎಷ್ಟು ತಿಂಗಳಿಗೆ? 50 ಜನ ಎಷ್ಟು ವರ್ಷಕ್ಕೆ? ನಮ್ಮೂರ ಜಾತ್ರೆಗೆ ಐನೂರು ಅಂಗಡಿ ಬರ್ತವೆ. ಹಾಗಂತ ನಮ್ಮೂರಲ್ಲಿ ಐನೂರು ಅಂಗಡಿ ಇದೆ ಅನ್ನೋಕಾಗಲ್ಲ. ಜಾತ್ರೆ ದಿನ ವ್ಯಾಪಾರವೇ ಆಗಿಲ್ಲ ಅನ್ನೋಕೂ ಆಗಲ್ಲ.

ಲೌಡನ್‌ನಲ್ಲಿ ಒಂದು ವಿಚಿತ್ರ ಏನಂದ್ರೆ, ಅಲ್ಲಿ ಜಾತ್ರೆ ಮುಗಿದೇ ಇಲ್ಲ. ಒಂದು ಕಟ್ಟಡ ಮುಗಿಯೋ ಹೊತ್ತಿಗೆ ಪಕ್ಕದ ಜಾಗದಲ್ಲಿ ಇನ್ನೊಂದಕ್ಕೆ ಪಾಯ. ಇಡೀ ರಾಜ್ಯದಲ್ಲಿ ಈ ಉದ್ಯಮದಿಂದ ವರ್ಷಕ್ಕೆ 74,000 ಉದ್ಯೋಗ ಅಂತ ಅದೇ ವರದಿ ಲೆಕ್ಕ ಹಾಕುತ್ತೆ, ಆದರೆ ಲಾಭದ ಹೆಚ್ಚಿನ ಪಾಲು ಬರೋದು ಕಟ್ಟುವ ಹಂತದಲ್ಲಿ ಅಂತಲೂ ಹೇಳುತ್ತೆ. ಅಂದರೆ ಇದು ಸೈಕಲ್ ಇದ್ದಂಗೆ, ತುಳೀತಾ ಇದ್ದರೆ ಮಾತ್ರ ನಿಲ್ಲುತ್ತೆ. ಈ ಸೈಕಲ್ಲಿಗೆ ಸರ್ಕಾರವೂ ಹಿಂದಿನಿಂದ ತಳ್ತಾ ಇದೆ: 2023ರ ಹಣಕಾಸು ವರ್ಷದಲ್ಲಿ ವರ್ಜೀನಿಯಾ ಡೇಟಾ ಸೆಂಟರುಗಳಿಗೆ ಬಿಟ್ಟುಕೊಟ್ಟ ಮಾರಾಟ ತೆರಿಗೆ ಸುಮಾರು 93 ಕೋಟಿ ಡಾಲರ್. ಹೀಗೆ ಬಿಡದೆ ಕಟ್ಟುವ ಜಾಗದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ವರ್ಷಗಟ್ಟಲೆ ಮನೆ ಬದಲಿಸದೆ ದುಡಿಯಬಹುದು. ಒಂದೇ ಒಂದು ಡೇಟಾ ಸೆಂಟರ್ ಬರುವ ಸಣ್ಣ ಊರಿನಲ್ಲಿ ಅದೇ ಕೆಲಸ ಹದಿನೆಂಟು ತಿಂಗಳ ಜಾತ್ರೆ. ಲೌಡನ್ ತೋರಿಸಿ ಎಲ್ಲ ಊರಿಗೂ ಅದೇ ಭರವಸೆ ಕೊಡೋದು ಇದಕ್ಕೇ ತಪ್ಪು.

ಎರಡನೇ ತಕರಾರು 'ಸ್ಥಳೀಯ' ಅನ್ನೋ ಪದದ ಮೇಲೆ. 'ಸ್ಥಳೀಯರಿಗೆ ಉದ್ಯೋಗ' ಅನ್ನೋದು ಎಲ್ಲ ದೇಶದ ಶಂಕುಸ್ಥಾಪನೆ ಭಾಷಣದಲ್ಲೂ ಇರುವ ಮಾತು. ಇಲ್ಲಿ ಒಂದು ಸರಳ ಲೆಕ್ಕ ಮಾಡಿ. ಅಮೆರಿಕದ ಎಲೆಕ್ಟ್ರಿಷಿಯನ್ನರ ದೊಡ್ಡ ಕಾರ್ಮಿಕ ಸಂಘ ಐಬಿಇಡಬ್ಲ್ಯು. ಅದರ ಅಪ್ರೆಂಟಿಸ್‌ಶಿಪ್ ಐದು ವರ್ಷ: ಸುಮಾರು 8,000 ಗಂಟೆ ಸೈಟಿನ ಕೆಲಸ, ಅದರ ಜೊತೆಗೆ ಕ್ಲಾಸು. ಕಟ್ಟಡಕ್ಕೆ ಬೇಕಾಗಿರೋದು ಹದಿನೆಂಟು ತಿಂಗಳು. ಗುದ್ದಲಿ ಪೂಜೆ ದಿನ ಆ ಊರಿನ ಹುಡುಗ ಅಪ್ರೆಂಟಿಸ್ ಆಗಿ ಸೇರಿದರೆ, ಅವನು ಪೂರ್ತಿ ಕೆಲಸಗಾರ ಆಗೋ ಹೊತ್ತಿಗೆ ಆ ಕಟ್ಟಡ ಓಡೋಕೆ ಶುರುವಾಗಿ ಮೂರೂವರೆ ವರ್ಷ ಆಗಿರುತ್ತೆ. ಹಾಗಾಗಿ ಬೇಡಿಕೆ ಮಾತ್ರ ಸ್ಥಳೀಯ, ಕೈಗಳು ಹೊರಗಿನವು. ಗ್ಯಾಸ್ ಸ್ಟೇಷನ್ನಿನ ನಂಬರ್ ಪ್ಲೇಟುಗಳ ರಹಸ್ಯ ಇಷ್ಟೇ.

ಒಂದು ದಿನ ಕಾಫಿ ಮೆಷೀನಿನ ಹತ್ತಿರ ಒಬ್ಬರ ಜೊತೆ ಮಾತಾಡಿದ್ದೆ. ಐವತ್ತರ ಆಸುಪಾಸಿನವರು, ವೆಸ್ಟ್ ವರ್ಜೀನಿಯಾದಿಂದ ದಿನಾ ಎರಡು ಗಂಟೆ ಗಾಡಿ ಓಡಿಸಿಕೊಂಡು ಬರ್ತಿದ್ದರು. ಡೇಟಾ ಸೆಂಟರಿನ ಒಳಗೆ ಏನು ಕೆಲಸ ಅಂತ ಕೇಳಿದೆ. ಬೋಲ್ಟ್ ಬಿಗಿ ಮಾಡೋದು ಅಂದರು. ನಾನು ನಕ್ಕೆ, ಅವರು ನಗಲಿಲ್ಲ. ಬಸ್‌ಬಾರಿನ ಒಂದು ಬೋಲ್ಟ್ ಸಡಿಲ ಇದ್ದರೂ ಆ ಜಾಗ ಕಾಯುತ್ತೆ, ಕಾದು ಕಾದು ಒಂದು ದಿನ ಸುಡುತ್ತೆ. ಅದಕ್ಕೆ ಪ್ರತಿ ಬೋಲ್ಟನ್ನೂ ಟಾರ್ಕ್ ರೆಂಚಿನಲ್ಲಿ ಲೆಕ್ಕಕ್ಕೆ ಸರಿಯಾಗಿ ಬಿಗಿದು, ಮೇಲೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೀತಾರೆ. ಗೆರೆ ತಪ್ಪಿದ್ದರೆ ಬೋಲ್ಟ್ ಅಲ್ಲಾಡಿದೆ ಅಂತ ಅರ್ಥ. ಸರ್ವರ್ ಬರೋಕೆ ಮುಂಚೆ ದೊಡ್ಡ ದೊಡ್ಡ ಹೀಟರ್ ತಂದು ಪೂರ್ತಿ ಲೋಡ್ ಹಾಕಿ, ಬೇಕಂತಲೇ ಕರೆಂಟ್ ತೆಗೆದು, ಜನರೇಟರ್ ಹಿಡಿಯುತ್ತಾ ನೋಡ್ತಾರೆ.

ಅವತ್ತು ನನಗೆ ಗೊತ್ತಾಗಿದ್ದು, ಡೇಟಾ ಸೆಂಟರ್ ಅಂದ್ರೆ ಕಂಪ್ಯೂಟರ್ ಇಟ್ಟ ಗೋಡೌನ್ ಅಲ್ಲ. ಅದು ಕರೆಂಟ್ ಹಂಚುವ, ಶಾಖ ಹೊರಹಾಕುವ ಒಂದು ಭಾರೀ ಯಂತ್ರ. ಕಂಪ್ಯೂಟರ್ ಕೊನೆಗೆ ಬಂದು ಕೂರುತ್ತೆ. ಅದಕ್ಕೇ ಅಲ್ಲಿ ಎಲೆಕ್ಟ್ರಿಷಿಯನ್, ಪೈಪ್‌ಫಿಟರ್, ವೆಲ್ಡರ್‌ಗಳಿಗೆ ಅಷ್ಟು ಬೇಡಿಕೆ. ನಮ್ಮೂರಲ್ಲಿ ಟಿ.ಸಿ. ಸುಟ್ಟುಹೋದರೆ ಹೊಸದು ಬರೋಕೆ ವಾರಗಟ್ಟಲೆ ಕಾಯ್ತಿದ್ವಿ, ತೋಟ ಒಣಗ್ತಿತ್ತು. ಇಲ್ಲಿ ಒಂದು ದಾರಿ ಕೆಟ್ಟರೆ ಇರಲಿ ಅಂತ ಇನ್ನೊಂದು ದಾರಿಯನ್ನೇ ಕಟ್ಟಿಟ್ಟಿರ್ತಾರೆ. ಎರಡು ದಾರಿ ಅಂದ್ರೆ ಎರಡು ಪಟ್ಟು ವೈರು, ಎರಡು ಪಟ್ಟು ಕೈ.

ನಮ್ಮೂರಲ್ಲೂ ಮೋಟರ್ ರಿವೈಂಡಿಂಗ್ ಮಾಡುವವರೊಬ್ಬರಿದ್ದರು. ಸ್ಟಾರ್ಟರ್ ಮುಚ್ಚಳ ತೆಗೆದು ಮೂಸಿ ನೋಡಿಯೇ ಕಾಯಿಲ್ ಹೋಗಿದೆ ಅಂತಿದ್ದರು, ಹೆಚ್ಚು ಕಮ್ಮಿ ಯಾವಾಗಲೂ ಸರಿ ಇರ್ತಿತ್ತು. ನಮ್ಮಪ್ಪ ಅವರನ್ನು ಕರೆಸಿ, ಕೆಲಸ ಮಾಡಿಸಿಕೊಂಡು, ಕಾಫಿ ಕೊಟ್ಟು ಕಳಿಸಿ, ಅವರು ಗೇಟ್ ದಾಟಿದ ಮೇಲೆ ನನ್ನ ಕಡೆ ತಿರುಗಿ ಹೇಳ್ತಿದ್ದ ಮಾತು: "ಓದ್ದಿದ್ರೆ ಹಿಂಗೇ ಮೋಟ್ರು ಬಿಚ್ಕಂಡು ಕೂರ್ಬೇಕಾಗ್ತದೆ ನೋಡು." ಆ ಭಯದಲ್ಲೇ ನಾನು ಬಿಇ ಮಾಡಿದ್ದು. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ಇಂಥದೊಂದು ವಾಕ್ಯ ಇದ್ದೇ ಇರುತ್ತೆ.

ಈಗ ದೊಡ್ಡ ದೊಡ್ಡವರು ಆ ವಾಕ್ಯವನ್ನು ಉಲ್ಟಾ ಹೇಳ್ತಿದ್ದಾರೆ. ಎನ್ವಿಡಿಯಾದ ಜೆನ್ಸನ್ ಹುವಾಂಗ್ 2025ರಲ್ಲಿ ಟಿವಿ ಸಂದರ್ಶನದಲ್ಲಿ, ಇನ್ಮೇಲೆ ಲಕ್ಷಗಟ್ಟಲೆ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿಗಳು ಬೇಕಾಗ್ತಾರೆ ಅಂದರು. ಅದೇ ವರ್ಷ ಗೂಗಲ್, ಒಂದು ಲಕ್ಷ ಎಲೆಕ್ಟ್ರಿಕಲ್ ಕೆಲಸಗಾರರಿಗೆ ಮತ್ತು 30,000 ಹೊಸ ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಡಿಸೋಕೆ ದುಡ್ಡು ಕೊಡೋದಾಗಿ ಹೇಳಿತು. ಒಳ್ಳೆಯದೇ. ಕೈಕೆಲಸಕ್ಕೆ ಗೌರವ ಬರೋದಾದರೆ ಯಾರ ಬಾಯಿಂದ ಬಂದರೂ ಬರಲಿ.

ಆದರೆ ಈ ಕೊರತೆ ಹೇಗೆ ಬಂತು ಅಂತ ಆ ಭಾಷಣಗಳಲ್ಲಿ ಯಾರೂ ಕೇಳಲ್ಲ. 2008ರ ಕುಸಿತದ ಸುತ್ತಮುತ್ತ ಅಮೆರಿಕದ ಕಟ್ಟಡ ಕ್ಷೇತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಕೆಲಸ ಹೋದವು. ಹೋದವರಲ್ಲಿ ಅನೇಕರು ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಮಕ್ಕಳನ್ನೂ ಕಳಿಸಲಿಲ್ಲ. ಯಾಕೆ ಕಳಿಸ್ತಾರೆ? ಬೇಡಿಕೆ ಇದ್ದಾಗ ಹೊಗಳಿ, ಇಲ್ಲದಾಗ ಮನೆಗೆ ಕಳಿಸುವ ಕೆಲಸ ಅದು. ಇವತ್ತು ಎಐ ಮೇಲೆ ಸುರಿಯುತ್ತಿರುವ ದುಡ್ಡು ನಾಳೆ ನಿಂತರೆ, ಷೇರು ಬಿದ್ದವನಿಗೆ ಅಂಕಿ ಕಮ್ಮಿಯಾಗುತ್ತೆ, ವೈರ್ ಎಳೆಯುವವನಿಗೆ ಸೋಮವಾರದ ಕೆಲಸ ಹೋಗುತ್ತೆ. ಬಂದು ಸೇರಿ ಅನ್ನೋರು ಈ ರಿಸ್ಕನ್ನು ಯಾರು ಹೊರಬೇಕು ಅಂತಲೂ ಹೇಳಬೇಕು.

ಇನ್ನು ಕೋಟಿ ಸಂಬಳದ ಮಾತು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರಕಾರ 2024ರ ಮೇನಲ್ಲಿ ಎಲೆಕ್ಟ್ರಿಷಿಯನ್ನರ ಮಧ್ಯದ ಸಂಬಳ ವರ್ಷಕ್ಕೆ 62,350 ಡಾಲರ್. ಅರ್ಧ ಜನಕ್ಕೆ ಅದಕ್ಕಿಂತ ಕಮ್ಮಿ. ಅಲ್ಲಿನ ಬಾಡಿಗೆ, ಇನ್ಶೂರೆನ್ಸ್ ಕೊಟ್ಟು ನೋಡಿದವನಾಗಿ ಹೇಳ್ತೀನಿ, ಅದು ನೆಮ್ಮದಿಯ ಸಂಬಳ ಇರಬಹುದು, ರೀಲ್ಸ್ ಸಂಬಳ ಅಲ್ಲ. ರೀಲ್ಸಿನ ಅಂಕಿ ಮುಟ್ಟಬೇಕಾದರೆ ವಾರಕ್ಕೆ ಅರವತ್ತು ಗಂಟೆ ಓವರ್‌ಟೈಮ್ ಸೇರಿಸಿ ದುಡಿದು, ಮನೆಯಿಂದ ದೂರ ಬಾಡಿಗೆ ರೂಮಲ್ಲಿ ಇರಬೇಕು.

ಹಾಗಾದರೆ ಅಲ್ಲಿಂದ ಕಲಿಯೋದು ಏನೂ ಇಲ್ವಾ? ಇದೆ. ಡಾಲರ್ ಅಲ್ಲ, ಆ ಐದು ವರ್ಷ. ಅಲ್ಲಿ ಅಪ್ರೆಂಟಿಸ್‌ಗೆ ಮೊದಲ ದಿನದಿಂದ ಸಂಬಳ, ಹಂತ ಹಂತಕ್ಕೆ ಏರಿಕೆ, ಕೊನೆಗೆ ಎಲ್ಲಿ ಹೋದರೂ ನಡೆಯುವ ಕಾರ್ಡು. ಡೇಟಾ ಸೆಂಟರ್ ಕಟ್ಟೋದು ನಿಂತರೆ ಆಸ್ಪತ್ರೆ, ಮೆಟ್ರೋ, ಸೋಲಾರ್ ಯಾವುದಕ್ಕಾದರೂ ಹೋಗಬಹುದು, ಯಾಕಂದ್ರೆ ಕಲಿತಿದ್ದು ಒಂದು ಕಂಪನಿಯ ಕೆಲಸವಲ್ಲ, ಒಂದು ವೃತ್ತಿ. ನಮ್ಮಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸು. ಮುಗಿಸಿ ಬಂದ ನನ್ನ ಜೊತೆಯ ಹುಡುಗರು ಫ್ಯಾಕ್ಟರಿಗಳಲ್ಲಿ ಗುತ್ತಿಗೆಯಿಂದ ಗುತ್ತಿಗೆಗೆ ಹೋಗಿದ್ದೇ ಹೆಚ್ಚು. ಬೆಂಗಳೂರಲ್ಲೂ ಡೇಟಾ ಸೆಂಟರ್ ಏಳ್ತಿವೆ. 'ನಿಮ್ಮಲ್ಲಿ ಎಷ್ಟು ಉದ್ಯೋಗ' ಅನ್ನೋದರ ಜೊತೆಗೆ 'ಎಷ್ಟು ಅಪ್ರೆಂಟಿಸ್‌ಗಳನ್ನ ಎಷ್ಟು ವರ್ಷ ಇಟ್ಕೋತೀರಿ, ಯಾರ ಹೆಸರಲ್ಲಿ ಪಿಎಫ್ ಕಟ್ತೀರಿ' ಅಂತ ನಾವು ಕೇಳಬೇಕು.

ತಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. "ಅಮೆರಿಕ ಮರ್ತುಬಿಡು. ಕೆಲ್ಸ ಇಷ್ಟ ಆದ್ರೆ ಐಟಿಐ ಹಾಕು. ಮುಗಿದ್ಮೇಲೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರ್ಕೋಬಹುದು, ಅಲ್ಲಿಂದ ಬೇಕಾದ್ರೆ ಬಿಇ. ಬಾಗಿಲು ಮುಚ್ಚಲ್ಲ" ಅಂದೆ. ಅವನು ಖುಷಿಯಾದ. ಅರ್ಧ ಗಂಟೆಗೆ ಚಿಕ್ಕಪ್ಪನ ಫೋನು.

"ಅಲ್ಲ ಕಣಪ್ಪ, ನೀನು ಏಸಿ ರೂಮಲ್ಲಿ ಕೂತ್ಕಂಡು, ನನ್ ಮಗನ್ನ ಮಾತ್ರ ಕಂಬ ಹತ್ತು ಅಂತೀಯಾ? ನಾಳೆ ನಿನ್ ಮಗನಿಗೂ ಹಿಂಗೇ ಹೇಳ್ತೀಯಾ?"

"ಹೇಳ್ತೀನಿ ಚಿಕ್ಕಪ್ಪ" ಅಂದೆ. ಅನ್ನೋಕೆ ಮುಂಚೆ ಒಂದೆರಡು ಸೆಕೆಂಡ್ ತಡವಾಯಿತು. ಚಿಕ್ಕಪ್ಪ ಆ ತಡವನ್ನು ಕೇಳಿಸಿಕೊಂಡರು, ನಾನೂ ಕೇಳಿಸಿಕೊಂಡೆ.