ಹಾಲು, ಆಲು ಮತ್ತು ಎಲೈಜಾ

ಕಳೆದ ವರ್ಷ ದೊಡ್ಡಬಳ್ಳಾಪುರದ ಕಡೆಯ ಕಾಲೇಜೊಂದರಲ್ಲಿ ಸ್ವಾಗತ ಭಾಷಣಕ್ಕೆ ನಿಂತ ಹುಡುಗಿ ಅತಿಥಿಗಳನ್ನು 'ಹಾದರದಿಂದ' ಬರಮಾಡಿಕೊಂಡಳು. ಸಭೆ ಗೊಳ್ಳೆಂದಿತು. ವೇದಿಕೆಯ ಮೇಲಿದ್ದವರೂ ನಕ್ಕರು, ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಗಾಯಕರೊಬ್ಬರು ಅದೇ ಮೈಕಿನ ಮುಂದೆ ರಾಜರತ್ನಂ ಅವರ 'ರತ್ನನ ಪದಗಳು' ಹಾಡಿದರು. ಹೆಂಡ 'ಯೆಂಡ'ವಾದಾಗಲೆಲ್ಲ ಅದೇ ಸಭೆ ಚಪ್ಪಾಳೆ ತಟ್ಟಿತು.

ನಾನು ಓದುತ್ತಿರುವುದು ಇಂಗ್ಲಿಷ್ ಸಾಹಿತ್ಯ. ಹಾಗಾಗಿ ನನಗೆ ತಕ್ಷಣ ನೆನಪಾದದ್ದು 1914ರಲ್ಲಿ ಲಂಡನ್ನಿನ ರಂಗಕ್ಕೆ ಬಂದ ಶಾ ಅವರ 'ಪಿಗ್ಮೇಲಿಯನ್'. ಹೂ ಮಾರುವ ಎಲೈಜಾಳ ನಾಲಿಗೆಯಲ್ಲೂ 'ಹ' ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಿಬಿಟ್ಟರೆ ಅವಳನ್ನು ಡಚೆಸ್ ಎಂದು ನಂಬಿಸಬಹುದು ಎಂಬುದೇ ನಾಟಕದ ಪಂದ್ಯ. ತಮಾಷೆಯೆಂದರೆ, ಇಂಗ್ಲಿಷಿನವರು 'ಅವರ್', 'ಆನರ್' ಎಂಬ ಪದಗಳಲ್ಲಿ ಹಕಾರವನ್ನು ಬರೆದೂ ನುಡಿಯುವುದಿಲ್ಲ. ಬ್ರಿಟಿಷರ 'ಹರ್ಬ್' ಅಮೆರಿಕದಲ್ಲಿ 'ಅರ್ಬ್'. ಅದಕ್ಕೆ ಯಾರೂ ನಗುವುದಿಲ್ಲ. ನಗು ಬರುವುದು ಎಲೈಜಾ ನುಂಗಿದಾಗ ಮಾತ್ರ.

ನಮ್ಮ ಹುಡುಗಿ ನುಂಗಲೂ ಇಲ್ಲ, ಇಲ್ಲದ್ದನ್ನು ಸೇರಿಸಿದಳು. ಅವಳ ಮನೆಯಲ್ಲಿ ಹೊಲ 'ಒಲ', ಹುಲಿ 'ಉಲಿ' ಇದ್ದೀತು, ನಮ್ಮ ಮನೆಯಲ್ಲಿದ್ದ ಹಾಗೆ. 'ಹ ಎಲ್ಲಿ ಹೋಯ್ತು?' ಎಂದು ಶಾಲೆ ಗದರಿಸಿದ ಮೇಲೆ ಮಕ್ಕಳು ಎಲ್ಲಿ ಬೇಕೋ ಅಲ್ಲಿ, ಬೇಡವಾದಲ್ಲೂ ಅದನ್ನು ಇಡತೊಡಗುತ್ತಾರೆ. ಅಕ್ಕಿ 'ಹಕ್ಕಿ'ಯಾಗುತ್ತದೆ, ಆದರ ಹಾದರವಾಗುತ್ತದೆ. ವಿಲಿಯಂ ಲಬೋವ್ 1966ರಲ್ಲಿ ಪ್ರಕಟಿಸಿದ ನ್ಯೂಯಾರ್ಕ್ ಅಧ್ಯಯನದಲ್ಲೂ ಇಂಥದ್ದೇ ಸಿಗುತ್ತದೆ: ಕೆಳಮಧ್ಯಮ ವರ್ಗದವರು ಎಚ್ಚರ ವಹಿಸಿ ಓದುವಾಗ 'ರ್' ಧ್ವನಿಯನ್ನು ತಮಗಿಂತ ಮೇಲಿನವರನ್ನೂ ಮೀರಿ ನುಡಿಯುತ್ತಿದ್ದರು. ಅಂದರೆ ಈ ತಪ್ಪು ಉಡಾಫೆಯಿಂದ ಆಗುವುದಲ್ಲ, ಅತಿ ಎಚ್ಚರದಿಂದ ಆಗುವುದು.

ಇಷ್ಟಕ್ಕೂ ನಾವು ಕಾವಲು ಕಾಯುತ್ತಿರುವ ಈ 'ಹ' ಎಷ್ಟು ಹಳೆಯದು? ಹತ್ತನೆಯ ಶತಮಾನದ ಪಂಪನಲ್ಲಿ ಅದು ಪಾಲ್, ಪೂ, ಪುಲಿ. ಪಕಾರ ಸವೆದು ಹಕಾರವಾದದ್ದು ಆಮೇಲೆ. ಆಗಲೂ ಯಾರೋ ಹಿರಿಯರು 'ಭಾಷೆ ಕೆಟ್ಟಿತು' ಎಂದು ಗೊಣಗಿರಬಹುದು. ಈ ಸವೆತ ಪುಸ್ತಕದಲ್ಲೇ ಕಾಣಬೇಕೆಂದಿಲ್ಲ. ಬೆಳಗ್ಗೆ ನಮ್ಮೂರ ಡೈರಿಯ ಮುಂದೆ ನಿಂತರೆ ಸಾಕು. ತೆಲುಗು ಮನೆಮಾತಿನವರ ಕ್ಯಾನಿನಲ್ಲಿರುವುದು 'ಪಾಲು', ಏಕೆಂದರೆ ತೆಲುಗು ಆ ಹಳೆಯ ಪಕಾರವನ್ನು ಬಿಟ್ಟುಕೊಡಲಿಲ್ಲ. ಡೈರಿಯ ಬೋರ್ಡಿನಲ್ಲಿ 'ಹಾಲು'. ನನ್ನಜ್ಜಿಯ ಬಾಯಲ್ಲಿ 'ಆಲು'. ಪ ಹ ಆದದ್ದು ಭಾಷೆಯ ಇತಿಹಾಸ, ಹ ಬಿದ್ದದ್ದು ಅಜ್ಜಿಯ ಅಜ್ಞಾನ ಎಂದು ನಮಗೆ ಕಲಿಸಿದವರು ಯಾರು?

ಮತ್ತೆ ರತ್ನನ ಪದಗಳಿಗೆ ಬರುತ್ತೇನೆ. 1930ರ ದಶಕದಲ್ಲಿ ರಾಜರತ್ನಂ ಮಾಡಿದ್ದು ಸಣ್ಣ ಕೆಲಸವಲ್ಲ. ಬೌದ್ಧ ಸಾಹಿತ್ಯದ ವಿದ್ವಾಂಸರೊಬ್ಬರು ಹಳ್ಳಿಯ ಉಚ್ಚಾರಣೆಯಲ್ಲೇ ನಂಜಿಯ ಮೇಲಿನ ಪ್ರೀತಿಯನ್ನೂ ಕನ್ನಡದ ಮೇಲಿನ ಅಭಿಮಾನವನ್ನೂ ಹೇಳಿಸಿದರು. ಗೇಲಿ ಮಾಡಲಿಲ್ಲ. ಆದರೂ ನನಗೊಂದು ತಕರಾರಿದೆ: ಆ ಮಾತು ಕಾವ್ಯದೊಳಗೆ ಬರಲು ಕುಡುಕನ ವೇಷ ಹಾಕಬೇಕಾಯಿತು. ಕುಡಿದವನ ನಾಲಿಗೆ ಹೇಗೆ ಹೊರಳಿದರೂ ಕೇಳುವವನಿಗೆ ಮುಜುಗರವಿಲ್ಲ, ಅದು ತನ್ನ ಮನೆಯ ಮಾತಲ್ಲ ಎಂದು ದೂರ ನಿಂತು ಸವಿಯಬಹುದು. ಸಭೆಯ ಚಪ್ಪಾಳೆಯಲ್ಲಿ ಆ ದೂರವೂ ಇತ್ತು ಎಂದು ನನ್ನ ಗುಮಾನಿ.

ದೇವನೂರ ಮಹಾದೇವರ 'ಕುಸುಮಬಾಲೆ' (1984) ಈ ವೇಷವನ್ನು ಕಳಚಿತು. ಅಲ್ಲಿ ಪಾತ್ರಗಳಷ್ಟೇ ಅಲ್ಲ, ಕಥೆ ಹೇಳುವ ದನಿಯೂ ನಂಜನಗೂಡು ಸೀಮೆಯ ಆಡುಮಾತಿನದು. ಶಿಷ್ಟ ಕನ್ನಡದಲ್ಲಿ ಕೂತು ಅದನ್ನು ಮೆಚ್ಚಿಕೊಳ್ಳುವ ನಿರೂಪಕ ಅಲ್ಲಿಲ್ಲ. 'ಅರ್ಥವಾಗುವುದಿಲ್ಲ' ಎಂಬ ದೂರು ಇವತ್ತಿಗೂ ತರಗತಿಗಳಲ್ಲಿ ಕೇಳಿಸುತ್ತದೆ. ಪಂಪನನ್ನು ಓದಲು ನಿಘಂಟು ತೆಗೆಯುವ ನಾವು ನಂಜನಗೂಡಿನವರ ಮಾತಿಗೆ ಅಷ್ಟು ತಾಳ್ಮೆ ತೋರಿಸುವುದಿಲ್ಲ.

ಅವತ್ತಿನ ಕಾರ್ಯಕ್ರಮದಲ್ಲಿ ವಂದನಾರ್ಪಣೆಯೂ ಆ ಹುಡುಗಿಯದೇ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಬೇರೆ ಯಾರೋ ಮಾಡಿ ಮುಗಿಸಿದರು.