ಇಬ್ಬರು ಬರೆದ ದಿನಚರಿ

ದೆವ್ವದ ಸಿನೆಮಾ ಎಂದರೆ ನಮ್ಮ ಬಳಗದಲ್ಲಿ ಹಲವರು ಮೂಗು ಮುರಿಯುತ್ತೀರಿ, ಗೊತ್ತು. ಆದರೂ 1999ರ ಕೊರಿಯನ್ ಚಿತ್ರ 'ಮೆಮೆಂಟೊ ಮೊರಿ'ಯನ್ನು ಒಮ್ಮೆ ನೋಡಿ. 1998ರ 'ವಿಸ್ಪರಿಂಗ್ ಕಾರಿಡಾರ್ಸ್'ನ ಎರಡನೇ ಭಾಗ ಎಂದು ಹೆಸರಿಗಷ್ಟೇ; ಹುಡುಗಿಯರ ಹೈಸ್ಕೂಲು ಎಂಬುದನ್ನು ಬಿಟ್ಟರೆ ಕಥೆ, ಪಾತ್ರ ಎಲ್ಲ ಬೇರೆ. ನಿರ್ದೇಶಕರು ಇಬ್ಬರು: ಕಿಮ್ ಟೇ-ಯೊಂಗ್, ಮಿನ್ ಕ್ಯು-ಡೊಂಗ್.

ಮಿನ್-ಆ ಎಂಬ ಹುಡುಗಿಗೆ ಸಹಪಾಠಿಗಳಾದ ಹ್ಯೊ-ಶಿನ್ ಮತ್ತು ಶಿ-ಉನ್ ಸೇರಿ ಬರೆದ ದಿನಚರಿ ಸಿಗುತ್ತದೆ. ಚಿತ್ರ ವಿಚಿತ್ರ ಅಂಟಿಸಿ, ಬಣ್ಣ ಬಳಿದ ಪುಸ್ತಕ. ಅವಳು ಓದಿದಂತೆಲ್ಲ ಅವರಿಬ್ಬರ ಪ್ರೇಮ ನಮಗೆ ತಿಳಿಯುತ್ತದೆ. ಕಥೆ ಹಿಂದೆ ಮುಂದೆ ಜಿಗಿಯುತ್ತದೆ. ದಿನವಿಡೀ ಬೇರೆಯವರ ಕೋಡ್ ಓದುವ ನಾನೇ ಎರಡು ಸಲ ನೋಡಬೇಕಾಯಿತು!

ತುಂಬಿದ ತರಗತಿಯಲ್ಲಿ, ಎಲ್ಲರೆದುರು, ಹ್ಯೊ-ಶಿನ್ ಗೆಳತಿಗೆ ಮುತ್ತಿಡುತ್ತಾಳೆ. ಕಿವಿ ಸರಿಯಾಗಿ ಕೇಳದ, ಓಟದಲ್ಲಿ ಮುಂದಿರುವ ಶಿ-ಉನ್‌ಗೆ ಈ ಧೈರ್ಯವಿಲ್ಲ. ಅವಳು ದೂರ ಸರಿಯುತ್ತಾಳೆ. ಹ್ಯೊ-ಶಿನ್ ಶಾಲೆಯ ತಾರಸಿಯಿಂದ ಬಿದ್ದು ಸಾಯುತ್ತಾಳೆ. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, ಅವಳೂ ಹೈಸ್ಕೂಲೇ, "ಜನ ನಕ್ಕಿದ್ದಕ್ಕಲ್ಲಪ್ಪಾ, ಫ್ರೆಂಡ್ ಮಾತು ಬಿಟ್ಟಿದ್ದಕ್ಕೆ" ಅಂದಳು. ಎರಡು ತಾಸು ನೋಡಿಯೂ ನನಗೆ ಅಷ್ಟು ಸರಳವಾಗಿ ಹೊಳೆದಿರಲಿಲ್ಲ. ಅವಳಿಗೆ ಅದು ಹೇಗೆ ಗೊತ್ತು ಎಂದು ಕೇಳಲೂ ಧೈರ್ಯ ಬರಲಿಲ್ಲ.

ಕೊನೆಯ ಭಾಗ ಮಾತ್ರ ನಿರಾಸೆ. ಗಾಜಿನ ಛಾವಣಿಯ ಮೇಲೆ ದೈತ್ಯ ಮುಖ, ಕೆಳಗೆ ಚೀರಾಡುತ್ತಾ ಓಡುವ ಮಕ್ಕಳು. ಅಷ್ಟು ಹೊತ್ತು ಪಿಸುಮಾತಿನಲ್ಲಿದ್ದ ಚಿತ್ರ ಅಲ್ಲಿ ಕಿರುಚತೊಡಗುತ್ತದೆ. ಎರಡನೇ ಸಲ ಅಲ್ಲಿಗೆ ಬಂದಾಗ ನಾನು ಕಾಫಿ ಮಾಡಲು ಎದ್ದುಹೋದೆ.