ಸೊಲ್ಲಿಲ್ಲದ ಸಾಲು

ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯಲ್ಲಿ ಆಹ್ವಾನ ಪತ್ರಿಕೆಗಳು ಅಚ್ಚಿಗೆ ಹೋಗುವ ಕಾಲ ಬಂತು. ದಸರೆಯಿಂದ ಶಿವರಾತ್ರಿಯವರೆಗೆ ಎಷ್ಟೊಂದು ಕಾರ್ಯಕ್ರಮ! ಜಿಲ್ಲಾ ಕೇಂದ್ರದ ದೊಡ್ಡ ವೇದಿಕೆಯಿಂದ ಹಿಡಿದು ತೆರಕಣಾಂಬಿಯಂಥ ಹೋಬಳಿ ಊರಿನ ದೇವಸ್ಥಾನದ ಜಗಲಿಯವರೆಗೆ ಯಾವ ಪಟ್ಟಿಯನ್ನು ಬಿಚ್ಚಿದರೂ ಒಂದು ಹೆಸರು ತಪ್ಪದೆ ಇರುತ್ತದೆ: ಬೀಸು ಕಂಸಾಳೆ. ಅದಕ್ಕೆ ಸಿಗುವುದು ಹತ್ತು ನಿಮಿಷ. ಅತಿಥಿಗಳು ತಡವಾಗಿ ಬಂದರೆ ಹದಿನೈದು. ಅದೇ ಪಟ್ಟಿಯಲ್ಲಿ ತಂಬೂರಿ ಕಥೆಗೆ ಜಾಗ ಸಿಕ್ಕಿದರೆ ಅದೂ ಹತ್ತೇ ನಿಮಿಷ. ಬೀಸು ಕಂಸಾಳೆ ಆ ಅವಧಿಯಲ್ಲಿ ಗೆದ್ದು ಬರುತ್ತದೆ, ಕಥೆ ಸೋತು ಬರುತ್ತದೆ. ಹೀಗೆ ಗೆದ್ದದ್ದನ್ನೇ ಈ ಸೀಮೆಯ ಸಂಗೀತದ ಮುಖವೆಂದು ನಾಡು ನಂಬಿ ಕೂತಿದೆ. ಈ ನಂಬಿಕೆ ತಪ್ಪು. ಬೀಸು ಕಂಸಾಳೆಯ ಹೆಸರು ಅದರ ಯೋಗ್ಯತೆಗಿಂತ ದೊಡ್ಡದಾಗಿ ಬೆಳೆದಿದೆ. ಆ ಹೆಸರಿನ ನೆರಳಿನಲ್ಲಿ, ಕನ್ನಡದ ಅತ್ಯಂತ ದೊಡ್ಡ ಹಾಡುಗಾರಿಕೆಗಳಲ್ಲಿ ಒಂದು ಸೊರಗುತ್ತಿದೆ.

ಮಾದಪ್ಪನ ಗುಡ್ಡರು ಯಾರು, ಮಂಟೇಸ್ವಾಮಿ ಪರಂಪರೆಯ ನೀಲಗಾರರು ಯಾರು, ಚಿಕ್ಕಲ್ಲೂರಿನ ಚಂದ್ರಮಂಡಲ ಯಾವಾಗ ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಗುಡ್ಡನ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಹುರಿಗೆ ಕಟ್ಟಿದ ಚಪ್ಪಟೆ ತಾಳ. ಎರಡೂ ಸೇರಿ ಹೊರಡುವ ನಾದ ಹಾಡಿಗೆ ತಾಳವಾದದ್ದು. ಅದನ್ನೇ ಬೀಸಿ, ಕುಣಿದು, ಒಬ್ಬರ ಬೆನ್ನ ಹಿಂದಿನಿಂದ ಇನ್ನೊಬ್ಬರ ತಾಳಕ್ಕೆ ತಾಗಿಸಿ ಆಡುವ ಆಟದಲ್ಲಿ ಕಸರತ್ತಿದೆ, ಅಂದವಿದೆ. 1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಬಂದ ಮೇಲಂತೂ ಕಂಸಾಳೆ ಎಂದರೆ ಕುಣಿತ ಎಂಬುದು ಹಳೇ ಮೈಸೂರಿನ ಆಚೆಗೂ ಗಟ್ಟಿಯಾಯಿತು. ವಿ. ಮನೋಹರ್ ಅವರ ಸಂಗೀತ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಈ ಸೀಮೆಯ ಹಾಡಿನ ಮಟ್ಟಿಗೆ ಸಿನಿಮಾದಲ್ಲಿ ಸಿಕ್ಕ ಅತ್ಯುತ್ತಮ ಗೌರವಗಳಲ್ಲಿ ಅದೊಂದು. ಆದರೆ ಅದರ ಬೆನ್ನಲ್ಲೇ ತಂಡಗಳು ಕಲಿತದ್ದು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗೋಪುರ ಕಟ್ಟುವುದನ್ನು, ಮಲಗಿ ಬೀಸುವುದನ್ನು. ಗೋಪುರ ಎತ್ತರವಾದಷ್ಟೂ ಹಾಡು ಮೋಟಾಯಿತು. ಇವತ್ತು ಎಷ್ಟೋ ವೇದಿಕೆಗಳಲ್ಲಿ ಹಾಡು ಕುಣಿತಕ್ಕೊಂದು ನೆಪ. ಎರಡು ನುಡಿ ಹಾಡಿ, ಉಘೇ ಎಂದು ಕೂಗಿ, ಲಯ ಏರಿಸುತ್ತಾರೆ.

ಏನು ಕಳೆದುಹೋಯಿತು ಎಂದು ತಿಳಿಯಲು ಒಂದೇ ಒಂದು ಭಾಗವನ್ನು ಕಿವಿಗೊಟ್ಟು ನೋಡಬೇಕು. ಮಾದೇಶ್ವರನ ಕಥೆ ಸಾಲು ಸಾಲಾಗಿದೆ: ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ನಾನು ಸಂಕಮ್ಮನ ಸಾಲನ್ನು ತೆಗೆದುಕೊಳ್ಳುತ್ತೇನೆ. ಸೋಲಿಗರ ನೀಲೇಗೌಡ ಜೇನಿಗೆ ಕಾಡಿಗೆ ಹೊರಟವನು. ಹೊರಡುವ ಮುಂಚೆ ಹೆಂಡತಿ ಬಲಗೈ ಮುಟ್ಟಿ ಭಾಷೆ ಕೊಡಬೇಕು, ತಾನು ಬರುವ ತನಕ ನಡತೆ ಕೆಡುವುದಿಲ್ಲ ಎಂದು. ಸಂಕಮ್ಮ ಕೊಡುವುದಿಲ್ಲ. ಕೊಟ್ಟರೆ ಗಂಡನ ಅನುಮಾನಕ್ಕೆ ತಾನೇ ಕೈಯೊಡ್ಡಿದ ಹಾಗೆ. ಅವನು ಹಿಂಸೆ ಕೊಟ್ಟು, ಗುಡ್ಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಅವಳ ಮೊರೆ ಕೇಳಿ ಮಾದಪ್ಪ ಬರುತ್ತಾನೆ, ಮಕ್ಕಳ ವರ ಕೊಡುತ್ತಾನೆ.

ಕಥೆ ಇಷ್ಟೇ. ಕೂತವರಿಗೆಲ್ಲ ಗೊತ್ತಿರುವುದೂ ಇದೇ. ಹಾಗಿದ್ದ ಮೇಲೆ ರಾತ್ರಿಯೆಲ್ಲ ಕೂತು ಕೇಳುವುದೇನನ್ನು? ಒಳ್ಳೆಯ ಮೇಳದಲ್ಲಿ ನೀಲೇಗೌಡ ಭಾಷೆ ಕೇಳುವುದು ಮಾತಿನಲ್ಲಿ. ಸಂಕಮ್ಮ ಉತ್ತರ ಕೊಡುವುದು ಹಾಡಿನಲ್ಲಿ. ಅವನು ಮೊದಲು ಮುದ್ದಿನಿಂದ ಕೇಳುತ್ತಾನೆ. ಅವಳು ಹಾಡುತ್ತಾಳೆ. ಹಿಮ್ಮೇಳ ಸೊಲ್ಲು ಎತ್ತುತ್ತದೆ. ಅವನು ಸಿಟ್ಟಿನಿಂದ ಕೇಳುತ್ತಾನೆ, ಅವಳು ಹಾಡುತ್ತಾಳೆ, ಸೊಲ್ಲು. ಅವನು ಹೆದರಿಸುತ್ತಾನೆ, ಅವಳು ಹಾಡುತ್ತಾಳೆ, ಮತ್ತೆ ಅದೇ ಸೊಲ್ಲು. ಮುಖ್ಯ ಹಾಡುಗಾರ ಗಂಡಸು. ಗಂಡಸಿನ ಮಾತಿಗೆ ಅವನು ದನಿ ಏರಿಸಬಲ್ಲ, ಆದರೆ ಸಂಕಮ್ಮನಿಗಾಗಿ ದನಿ ತೆಳ್ಳಗೆ ಮಾಡುವುದಿಲ್ಲ. ಹೆಣ್ಣಿನ ದನಿಯ ಅಣಕವಿಲ್ಲ. ಮಾತಿನಿಂದ ರಾಗಕ್ಕೆ ದಾಟುವುದೊಂದರಿಂದಲೇ ಅವಳು ಅವಳಾಗುತ್ತಾಳೆ. ಗಂಡನಿಗೆ ರಾಗ ಸಿಕ್ಕುವುದಿಲ್ಲ, ಹೆಂಡತಿಗೆ ಸಿಕ್ಕುತ್ತದೆ. ಯಾರ ಪಕ್ಷ ಸರಿ ಎಂದು ಹಾಡುಗಾರ ಬಾಯಿಬಿಟ್ಟು ಹೇಳಬೇಕಾದ್ದೇ ಇಲ್ಲ.

ಇನ್ನು ಸೊಲ್ಲು. ಅದು ಮಾದಪ್ಪನನ್ನು ಕರೆಯುವ ಸೊಲ್ಲು. ಅಂದರೆ ಸಂಕಮ್ಮ ಇನ್ನೂ ದೇವರ ಹೆಸರು ಎತ್ತುವ ಮುಂಚೆಯೇ, ಅವಳ ಪ್ರತಿಯೊಂದು ನಿರಾಕರಣೆಯ ಹಿಂದೆಯೂ ಬೇರೆ ಬಾಯಿಗಳು ದೇವರನ್ನು ಕರೆಯುತ್ತಿವೆ. ಮೊದಲ ಸುತ್ತಿನಲ್ಲಿ ಅದು ಉಸಿರು ತೆಗೆದುಕೊಳ್ಳುವ ಜಾಗ. ಮೂರನೆಯ, ನಾಲ್ಕನೆಯ ಸುತ್ತಿಗೆ ಅದು ಸಾಕ್ಷಿ. ಅವಳು ಒಂಟಿಯಲ್ಲ, ಆದರೆ ಅದು ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಕಾಡಿನ ನಡುವೆ ಗುಡ್ಲಿನಲ್ಲಿ ಒಬ್ಬ ಹೆಂಗಸು, ಹೊರಗೆ ಇಡೀ ಊರು ಅವಳ ಪರವಾಗಿ ಕರೆಯುತ್ತಿದೆ. ಈ ಅಂತರದಲ್ಲೇ ದುಃಖ ಹುಟ್ಟುತ್ತದೆ. ಮುಂದೆ ಕೂತ ಹೆಂಗಸರು ನೀಲೇಗೌಡನನ್ನು ಬೈಯುವುದು, ಕಣ್ಣೊರೆಸಿಕೊಳ್ಳುವುದು, ಪಕ್ಕದವಳ ಮೊಣಕೈ ತಿವಿಯುವುದು ಎಲ್ಲವೂ ಸೊಲ್ಲು ಓಡುತ್ತಿರುವ ಆ ಹೊತ್ತಿನಲ್ಲಿ. ಸೊಲ್ಲು ಕೇಳುಗರಿಗೆ ಕೊಟ್ಟ ಪಾಲು.

ಹತ್ತು ನಿಮಿಷದ ವೇದಿಕೆಯಲ್ಲಿ ನೀಲೇಗೌಡ ಒಂದು ಸಲ ಭಾಷೆ ಕೇಳುತ್ತಾನೆ, ಸಂಕಮ್ಮ ಒಂದು ಸಲ ಇಲ್ಲವೆನ್ನುತ್ತಾಳೆ, ಮಾದಪ್ಪ ಬಂದುಬಿಡುತ್ತಾನೆ. ವಿಷಯವೆಲ್ಲ ಬಂತು, ಏನೂ ಬಿಟ್ಟಿಲ್ಲ ಎಂದು ಸಂಘಟಕರು ಹೇಳುತ್ತಾರೆ. ಒಂದೇ ಸಲ ಇಲ್ಲವೆಂದ ಹೆಂಗಸು ಹಟಮಾರಿಯಾಗಿ ಕಾಣುತ್ತಾಳೆ. ಮುದ್ದಿಗೂ, ಸಿಟ್ಟಿಗೂ, ಪೆಟ್ಟಿಗೂ ಇಲ್ಲವೆಂದವಳು ಮಾತ್ರ ಸಂಕಮ್ಮ. ಅವಳ ಧೈರ್ಯ ಎಷ್ಟು ಹೊತ್ತು ನಿಂತಿತು ಎಂಬುದೇ ಅದರ ತೂಕ. ಹೊತ್ತನ್ನು ಕತ್ತರಿಸಿದವರು ಅವಳನ್ನೇ ಕತ್ತರಿಸಿದ್ದಾರೆ.

ಇಲ್ಲಿ ನಮ್ಮ ವಿದ್ವಾಂಸರ ಜೊತೆಗೂ ನನಗೆ ಜಗಳವಿದೆ. ಸಂಘಟಕರಿಗೆ ಕತ್ತರಿ ಕೊಟ್ಟವರು ಅವರೇ ಎಂಬುದು ನನ್ನ ದೂರು. ಅವರು ಮಾಡಿದ ಉಪಕಾರವನ್ನು ಮರೆತು ಈ ಮಾತು ಹೇಳುತ್ತಿಲ್ಲ. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸದಿದ್ದರೆ, ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ್ದನ್ನು ಕೇಶವನ್ ಪ್ರಸಾದ್ ಬರೆದಿಡದಿದ್ದರೆ, ಅದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದು 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸದಿದ್ದರೆ ಈ ಕಾವ್ಯದ ಹೆಸರು ಮಲೆಯ ಸುತ್ತಲೇ ಉಳಿಯುತ್ತಿತ್ತು. ಮಂಟೇಸ್ವಾಮಿ ಕಾವ್ಯದ ವಿಷಯದಲ್ಲೂ ಹಾಗೆಯೇ. ಆದರೆ ಪುಸ್ತಕಗಳು ಬಂದ ಮೇಲೆ ನಡೆದ ಚರ್ಚೆಯನ್ನು ನೋಡಿ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರನ್ನೂ ಶರಣರನ್ನೂ ಪರೀಕ್ಷಿಸುವ ಭಾಗ ಸಿಕ್ಕಿತು. ಇದು ಶರಣ ಚಳವಳಿಯ ಒಳಗಿನ ಮಾತೋ, ಹೊರಗಿನ ಪ್ರತಿರೋಧವೋ ಎಂದು ದಶಕಗಳ ಕಾಲ ವಾದ ನಡೆಯಿತು. ಮಾದೇಶ್ವರ ವೀರಶೈವನೋ, ಹಾಲುಮತದ ದೇವರೋ, ಕಾಡಿನ ಮೂಲದವನೋ ಎಂದು ಇನ್ನೊಂದು ವಾದ. ಬೇಕಾದ ವಾದಗಳೇ. ಆದರೆ ಈ ಬರಹಗಳ ರಾಶಿಯಲ್ಲಿ ತಂಬೂರಿಯ ಶ್ರುತಿ, ಗಗ್ಗರದ ಸದ್ದು, ದಮ್ಮಡಿಯ ಪೆಟ್ಟು, ಹಿಮ್ಮೇಳ ಎಲ್ಲಿ ಸೇರಿತು, ಯಾಕೆ ಸೇರಿತು ಎಂಬ ವಿಚಾರಕ್ಕೆ ಎಷ್ಟು ಪುಟ ಸಿಗುತ್ತದೆ? ಹಾಡಿದ ಕಾವ್ಯವನ್ನು ಬರೆದ ಕಾವ್ಯದಂತೆ ಓದಿ, ಬರೆದ ಕಾವ್ಯಕ್ಕೆ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಅಚ್ಚಿನಲ್ಲಿ ಸೊಲ್ಲನ್ನು ಪ್ರತಿ ಸಲವೂ ಹಾಕುವ ವಾಡಿಕೆ ಇಲ್ಲ, ಕಾಗದ ದಂಡವೆಂದು. ಪುಸ್ತಕದಲ್ಲೇ ಇಲ್ಲದ್ದನ್ನು ವೇದಿಕೆಯ ಮೇಲೆ ಯಾಕೆ ಉಳಿಸಬೇಕು ಎಂದು ಸಂಘಟಕ ಕೇಳಿದರೆ ಅವನನ್ನು ಹೇಗೆ ದೂರುವುದು?

ಪುನರಾವರ್ತನೆಯ ಬಗ್ಗೆ ಮಾತಾಡಿದವರು ಇದ್ದಾರೆ, ಒಪ್ಪುತ್ತೇನೆ. ಅವರೆಲ್ಲ ಹೊರಡುವುದು ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರಿಂದ. ಯುಗೊಸ್ಲಾವಿಯದ ಹಾಡುಗಾರರನ್ನು ಕೇಳಿ ಅವರು ಕಟ್ಟಿದ ಸಿದ್ಧಾಂತ, 1960ರಲ್ಲಿ ಲಾರ್ಡ್ ಪ್ರಕಟಿಸಿದ ಗ್ರಂಥದ ಮೂಲಕ ಜಗತ್ತಿಗೆಲ್ಲ ಹರಡಿತು. ಅದರ ಪ್ರಕಾರ ಹಾಡುಗಾರ ಸಿದ್ಧ ಪದಪುಂಜಗಳನ್ನು ಹೆಣೆಯುತ್ತ ಆ ಕ್ಷಣದಲ್ಲೇ ಕಾವ್ಯ ಕಟ್ಟುತ್ತಾನೆ; ಮರುಕಳಿಸುವ ಮಾತು ಅವನ ರಚನೆಗೆ ಊರುಗೋಲು. ನಮ್ಮಲ್ಲಿಯೂ ಇದನ್ನೇ ಹೇಳಿಕೊಂಡು ಬಂದೆವು: ಹಿಮ್ಮೇಳ ಸೊಲ್ಲು ಹೇಳುವಾಗ ಮುಖ್ಯ ಹಾಡುಗಾರ ಮುಂದಿನ ನುಡಿಯನ್ನು ನೆನೆಯುತ್ತಾನೆ ಎಂದು. ನೆನೆಯುತ್ತಾನೆ, ಸುಳ್ಳಲ್ಲ. ಆದರೆ ಪ್ಯಾರಿ, ಲಾರ್ಡ್ ಕೇಳಿದ ಹಾಡುಗಾರ ಗುಸ್ಲೆ ಎಂಬ ಒಂದೇ ತಂತಿಯ ವಾದ್ಯ ಹಿಡಿದು ಒಬ್ಬನೇ ಕೂತು ಹಾಡುವವನು. ಅವನಿಗೆ ಹಿಮ್ಮೇಳವೇ ಇಲ್ಲ. ಅಲ್ಲಿ ಮರುಕಳಿಸುವುದೆಲ್ಲ ಅವನದೇ ಬಾಯಿಂದ. ನಮ್ಮಲ್ಲಿ ಮರುಕಳಿಸುವುದು ಬೇರೆಯವರ ಬಾಯಿಂದ, ಅದೂ ಕಥೆಯೊಳಗಿನ ವ್ಯಕ್ತಿಗೆ ಕೇಳಿಸದ ದನಿಯಾಗಿ. ಒಬ್ಬನ ಹಾಡಿನಿಂದ ಹುಟ್ಟಿದ ಸಿದ್ಧಾಂತವನ್ನು ಮೇಳದ ಹಾಡಿಗೆ ತೊಡಿಸಿದರೆ ಮೇಳ ಮರೆಯಾಗುತ್ತದೆ, ಸೊಲ್ಲು ಬರೀ ನೆನಪಿನ ಉಪಾಯವಾಗುತ್ತದೆ. ನೆನಪಿನ ಉಪಾಯವನ್ನು ಸಮಯವಿಲ್ಲವೆಂದು ಬಿಟ್ಟರೆ ಏನು ನಷ್ಟ? ಸಿದ್ಧಾಂತದ ಈ ತಪ್ಪಿನಿಂದ ವೇದಿಕೆಯ ತಪ್ಪಿಗೆ ದೂರ ಬಹಳವಿಲ್ಲ. ತುಳುನಾಡಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರಲ್ಲಿ ದಾಖಲಿಸಿ, 1998ರಲ್ಲಿ 15,683 ಸಾಲುಗಳಲ್ಲಿ ಪ್ರಕಟಿಸಿತು. ಒಬ್ಬ ಹಾಡುಗಾರನ ಉಸಿರಿಗೆ ಅಲ್ಲಿ ಅಷ್ಟು ಮರ್ಯಾದೆ ಸಿಕ್ಕಿತು. ನಮ್ಮ ಹಿಮ್ಮೇಳಕ್ಕೆ ಅಷ್ಟು ತಾಳ್ಮೆಯಿಂದ ಕಿವಿಗೊಟ್ಟ ಕೆಲಸ ಕನ್ನಡದಲ್ಲಿ ಆಗಬೇಕು.

ತೆರಕಣಾಂಬಿಯನ್ನು ಸಾಹಿತ್ಯ ಚರಿತ್ರೆ ನೆನೆಯುವುದು ಬೊಮ್ಮರಸನಿಂದ. 15ನೆಯ ಶತಮಾನದ ಜೈನ ಕವಿ, ‘ಸನತ್ಕುಮಾರ ಚರಿತೆ’ ಬರೆದವನು. ಅವನ ಕಾವ್ಯವನ್ನು ಗಮಕಿಯೊಬ್ಬರು ಇವತ್ತು ವಾಚಿಸಿದರೆ, ವ್ಯಾಖ್ಯಾನಕಾರರು ಒಂದೊಂದು ಪದ್ಯಕ್ಕೂ ನಿಂತು ನಿಂತು ಅರ್ಥ ಹೇಳಿದರೆ, ಸಭೆ ಗೌರವದಿಂದ ಕೂತಿರುತ್ತದೆ. ಅರ್ಧ ಪದ್ಯಕ್ಕೆ ಸಾಕು ಎನ್ನುವವರು ಯಾರೂ ಇಲ್ಲ. ಅದೇ ಊರಿನ ಸುತ್ತಲ ಹಳ್ಳಿಗಳ ನೀಲಗಾರರಿಗೆ ಮಾತ್ರ ಗಡಿಯಾರ ತೋರಿಸುವುದೇಕೆ? ಅವರು ಬಂದ ಕೇರಿ ಯಾವುದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ನಂಬಲಾರೆ.

ಬೀಸು ಕಂಸಾಳೆಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಭಿಕ್ಷೆಯ ವಾದ್ಯವೆಂದು ಕೀಳಾಗಿ ಕಂಡಿದ್ದ ಕಂಸಾಳೆಯನ್ನು ಹುಡುಗರು ಎದೆಯೆತ್ತಿ ಹಿಡಿಯುವಂತಾದದ್ದು ಈ ಕುಣಿತದಿಂದ. ಕಾಲೇಜು ಹುಡುಗರು ತಂಡ ಕಟ್ಟಿದ್ದಾರೆ, ದೂರದ ಊರುಗಳನ್ನು ನೋಡಿದ್ದಾರೆ, ನಾಲ್ಕು ಕಾಸು ಕಂಡಿದ್ದಾರೆ. ಇದು ಸಣ್ಣದಲ್ಲ. ಆದರೂ ಕುಣಿತದ ತಂಡದಲ್ಲಿ ಒಂದು ಇಡೀ ಸಾಲನ್ನು ಹಾಡಬಲ್ಲವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಸಂಕಟ ತರುತ್ತದೆ. ಕಾಲಕ್ಕೆ ತಕ್ಕಂತೆ ಚಿಕ್ಕದಾಗಬೇಕು, ಜನರಿಗೆ ತಾಳ್ಮೆಯಿಲ್ಲ ಎನ್ನುವವರಿಗೆ ಮಳವಳ್ಳಿ ಮಹದೇವಸ್ವಾಮಿಯವರ ಕಥೆಗಳ ಧ್ವನಿಸುರುಳಿಗಳನ್ನು ನೆನಪಿಸಬೇಕು. ಸುರುಳಿಯ ಉದ್ದಕ್ಕೆ ಕಥೆಯನ್ನು ಹೊಂದಿಸಬೇಕಾಯಿತು, ಹೊಸ ವಾದ್ಯಗಳು ಸೇರಿದವು, ನಿಜ. ಆದರೂ ಅವರು ಕಥೆಯನ್ನು ಕಥೆಯಾಗಿಯೇ ಹಾಡಿದರು, ಸೊಲ್ಲನ್ನು ಕೈಬಿಡಲಿಲ್ಲ. ಟ್ರ್ಯಾಕ್ಟರಿನಲ್ಲಿ, ಟೀ ಅಂಗಡಿಯಲ್ಲಿ, ಹೊಲದ ಪಂಪ್‌ಸೆಟ್ ಮನೆಯಲ್ಲಿ ಜನ ಗಂಟೆಗಟ್ಟಲೆ ಕೇಳಿದರು, ಈಗ ಮೊಬೈಲಿನಲ್ಲಿ ಕೇಳುತ್ತಿದ್ದಾರೆ. ತಾಳ್ಮೆಯಿಲ್ಲದ್ದು ಜನಕ್ಕಲ್ಲ, ವೇದಿಕೆಗೆ.

ಈ ಸಲದ ಪಟ್ಟಿ ಇನ್ನೂ ಅಚ್ಚಾಗಿಲ್ಲದ ಕಡೆ ಒಂದು ರಾತ್ರಿಯನ್ನು ಬಿಡಿಸಿ ಇಡಬಹುದು. ‘ಜನಪದ ಗಾಯನ’ ಎಂದು ಹಾಕದೆ ‘ಸಂಕಮ್ಮನ ಸಾಲು’ ಎಂದೋ ‘ಸಿದ್ಧಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದದ್ದು’ ಎಂದೋ ಹಾಕಲಿ. ಬರುವವರಿಗೆ ತಾವು ಏನು ಕೇಳಲು ಬರುತ್ತಿದ್ದೇವೆಂದು ಗೊತ್ತಿರಲಿ. ಸಭಾ ಕಾರ್ಯಕ್ರಮ ಸಂಜೆಗೇ ಮುಗಿಯಲಿ. ಊಟವಾದ ಮೇಲೆ ಶುರುಮಾಡಿ ಸಾಲು ಮುಗಿದಾಗ ಮುಗಿಸಲಿ. ಕೀಬೋರ್ಡು ಬೇಡ. ಈಗಿನ ವ್ಯವಸ್ಥೆಯಲ್ಲಿ ಮುಖ್ಯ ಹಾಡುಗಾರನ ಮುಂದೆ ಎರಡು ಮೈಕು, ಹಿಮ್ಮೇಳದವರ ಮುಂದೆ ಒಂದೂ ಇರುವುದಿಲ್ಲ. ಅವರ ದನಿ ಎರಡನೆಯ ಸಾಲಿನ ಕುರ್ಚಿಯನ್ನೂ ದಾಟುವುದಿಲ್ಲ. ಅವರಿಗೂ ಒಂದೊಂದು ಮೈಕು ಇಟ್ಟು, ಸಂಭಾವನೆಯ ಚೀಟಿಯಲ್ಲಿ ‘ಮತ್ತು ತಂಡ’ ಎಂದು ಬರೆಯುವ ಕಡೆ ಅವರ ಹೆಸರನ್ನೂ ಬರೆಯಲಿ.